ಬಟ್ಟೆಯ ಮೇಲೆ ಕೊರೆಯಚ್ಚಿನ ಚಿತ್ತಾರ

"ನನಗೆ ಚಿತ್ರ ಬರೆಯಲು ಬಾರದು" ಎಂಬ ಮಾತನ್ನು ಆಡದ ಮನೆ ನಮ್ಮಲ್ಲಿ ದುರ್ಲಭ. ದಿನವೂ ಮುಂಜಾನೆ ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ತಪ್ಪದಂತೆ ಕೂಡಿಸುವ ಗೃಹಿಣಿಯೂ, ಹಬ್ಬದ ದಿನ ತೋರಣವನ್ನು ಒಪ್ಪವಾಗಿ ಕಟ್ಟಬಲ್ಲ ಗೃಹಸ್ಥನೂ ಕಾಗದ ಕುಂಚಗಳನ್ನು ಕಂಡೊಡನೆ ಹಿಂದೆಗೆಯುವರು. ಅಂಥವರಿಗಾಗಿಯೇ ಹುಟ್ಟಿತೋ ಎಂಬಂತಿರುವ ಕಲೆಯೊಂದುಂಟು. ಅದರಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಬರೆಯಬೇಕಾಗಿಲ್ಲ. ಗಟ್ಟಿಯಾದ ಹಾಳೆಯೊಂದರಲ್ಲಿ ಆಕೃತಿಯನ್ನು ಕೊರೆದು ತೆಗೆದು, ಆ ಹಾಳೆಯನ್ನು ಬಟ್ಟೆಯ ಮೇಲಿರಿಸಿ, ಕೊರೆದ ಕಂಡಿಯಲ್ಲಿ ಬಣ್ಣವನ್ನು ತಟ್ಟಿದರೆ ಸಾಕು. ಹಾಳೆಯನ್ನೆತ್ತಿದಾಗ ಆಕೃತಿಯು ಬಟ್ಟೆಯಲ್ಲಿ ನಿಂತಿರುತ್ತದೆ. ಒಮ್ಮೆ ಕೊರೆದ ಹಾಳೆಯು ಹತ್ತಾರು ಬಾರಿ ಸೇವೆ ಸಲ್ಲಿಸುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸ್ಟೆನ್ಸಿಲ್ ಎನ್ನುವರು. ಕನ್ನಡದಲ್ಲಿ ಕೊರೆಯಚ್ಚು ಎಂದು ಕರೆಯಬಹುದು.

ಹೆಸರು ಹೊಸದಾಗಿ ತೋರಿದರೂ ವಸ್ತುವು ನಮಗೆ ಹೊಸದಲ್ಲ. ಅಕ್ಕಿಯ ಮೂಟೆಗಳ ಮೇಲೆ ಗಿರಣಿಯ ಹೆಸರನ್ನು ಹಾಕುವುದು ತಗಡಿನ ಕೊರೆಯಚ್ಚಿನಿಂದಲೇ. ಜಾತ್ರೆಯ ಅಂಗಡಿಗಳಲ್ಲಿ ಮಾರುವ, ತಳದಲ್ಲಿ ಸಣ್ಣ ಸಣ್ಣ ತೂತುಗಳಿರುವ ರಂಗೋಲಿಯ ಅಚ್ಚೂ ಇದೇ ಕುಲಕ್ಕೆ ಸೇರಿದುದು. ಪುಡಿಯನ್ನು ತುಂಬಿ ನೆಲಕ್ಕೆ ತಟ್ಟಿದರೆ ತಾವರೆ ಮೂಡುತ್ತದೆ. ನನ್ನಂಥ ಹಳೆಯ ಉಪಾಧ್ಯಾಯರಂತೂ ಈ ಶಬ್ದವನ್ನು ಪರೀಕ್ಷೆಯ ಕಾಲದಲ್ಲಿ ನಿತ್ಯವೂ ಕೇಳಿದವರು. ಮೇಣದ ಹಾಳೆಯ ಮೇಲೆ ಉಕ್ಕಿನ ಕಂಟದಿಂದ ಪ್ರಶ್ನೆಗಳನ್ನು ಕೊರೆದು, ಸೈಕ್ಲೋಸ್ಟೈಲ್ ಯಂತ್ರಕ್ಕೆ ಹೊದಿಸಿ, ನೂರಾರು ಪ್ರತಿಗಳನ್ನು ತೆಗೆಯುತ್ತಿದ್ದ ದಿನಗಳು ಅನೇಕರ ನೆನಪಿನಲ್ಲಿರಬಹುದು. ಅಲ್ಲಿಯೂ ನಡೆಯುತ್ತಿದ್ದುದು ಇದೇ ಕ್ರಿಯೆ: ಕೊರೆದಲ್ಲಿ ಮಸಿ ಇಳಿಯುವುದು, ಕೊರೆಯದಲ್ಲಿ ತಡೆಯುವುದು.

ಈ ಆಂಗ್ಲ ಶಬ್ದದ ಮೂಲವನ್ನು ಅರಸಿಕೊಂಡು ಹೋದರೆ, ಅದು ಹಳೆಯ ಫ್ರೆಂಚ್ ಭಾಷೆಯನ್ನು ಹಾದು ಲ್ಯಾಟಿನ್ನಿನ 'ಸ್ಕಿಂಟಿಲ್ಲ' ಎಂಬ ಪದಕ್ಕೆ ಮುಟ್ಟುತ್ತದೆ. ಅದರ ಅರ್ಥ ಕಿಡಿ. ನಮ್ಮ ಸಂಸ್ಕೃತದ ಸ್ಫುಲಿಂಗ. ಬಣ್ಣಬಣ್ಣವಾಗಿ ಮಿನುಗುವಂತೆ ಮಾಡುವುದೆಂಬ ಭಾವದಿಂದ ಆ ಹೆಸರು ಹುಟ್ಟಿತು.

ಪೂರ್ವಪರಂಪರೆ

ಮನುಷ್ಯನು ಮಾಡಿದ ಮೊದಮೊದಲಿನ ಚಿತ್ರಗಳಲ್ಲಿ ಕೆಲವು ಇದೇ ಬಗೆಯವು. ಇಂಡೋನೇಷ್ಯದ ಸುಲಾವೆಸಿ ದ್ವೀಪದ ಗುಹೆಗಳಲ್ಲಿ, ಬಂಡೆಯ ಮೇಲೆ ಅಂಗೈಯನ್ನೂರಿ ಸುತ್ತಲೂ ಕೆಮ್ಮಣ್ಣಿನ ಬಣ್ಣವನ್ನು ಚಿಮುಕಿಸಿ ಮೂಡಿಸಿದ ಕೈಗುರುತುಗಳಿವೆ. ಅವುಗಳಲ್ಲೊಂದು ಕಡಮೆಯೆಂದರೂ 39,900 ವರ್ಷಗಳಷ್ಟು ಹಳೆಯದೆಂದು 2014ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅಲ್ಲಿ ಕೈಯೇ ಅಚ್ಚು, ಬಂಡೆಯೇ ಬಟ್ಟೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆಗೆ ಗೌರವವಿತ್ತು. ವಾತ್ಸ್ಯಾಯನನು ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ 'ವಿಶೇಷಕಚ್ಛೇದ್ಯ' ಎಂಬುದೊಂದು. ವಿಶೇಷಕವೆಂದರೆ ಹಣೆಯ ತಿಲಕ. ಭೂರ್ಜವೇ ಮೊದಲಾದ ಎಲೆಗಳನ್ನು ತಿಲಕಕ್ಕಾಗಿ ನಾನಾ ಆಕಾರಗಳಲ್ಲಿ ಕತ್ತರಿಸುವ ಜಾಣ್ಮೆಯೇ ಆ ಕಲೆಯೆಂದು ವ್ಯಾಖ್ಯಾನಕಾರನಾದ ಯಶೋಧರನು ವಿವರಿಸುತ್ತಾನೆ. ಗೀತ, ವಾದ್ಯ, ನೃತ್ಯ, ಚಿತ್ರಕಲೆಗಳನ್ನು ಹೇಳಿದ ಬೆನ್ನಿಗೇ ಎಲೆಯನ್ನು ಕತ್ತರಿಸುವ ಈ ಕೆಲಸವನ್ನು ಹೇಳಿರುವುದನ್ನು ನೋಡಿದರೆ, ಪ್ರಾಚೀನರು ಇದನ್ನು ಅಲ್ಪವೆಂದು ಬಗೆದಿರಲಿಲ್ಲವೆಂಬುದು ಸ್ಪಷ್ಟ. ಮಥುರಾ ಬೃಂದಾವನಗಳಲ್ಲಿ ಇಂದಿಗೂ ಪಿತೃಪಕ್ಷದ ದಿನಗಳಲ್ಲಿ ದೇವಾಲಯಗಳೊಳಗೆ ಸಾಂಝೀ ಎಂಬ ಅಲಂಕಾರವನ್ನು ಮಾಡುವರು. ಕತ್ತರಿಯಿಂದ ಅತಿ ಸೂಕ್ಷ್ಮವಾಗಿ ಕತ್ತರಿಸಿದ ಕಾಗದಗಳನ್ನು ಒಂದಾದಮೇಲೊಂದರಂತೆ ಇರಿಸಿ, ಬಣ್ಣದ ಪುಡಿಗಳನ್ನು ಉದುರಿಸಿ, ಕೃಷ್ಣಲೀಲೆಯ ಚಿತ್ರಗಳನ್ನು ಜಗುಲಿಯ ಮೇಲೂ ನೀರಿನ ಮೇಲೂ ಮೂಡಿಸುವರು.

ಬಟ್ಟೆಯ ಮೇಲೆ ಈ ಕಲೆಯನ್ನು ಪರಮಾವಧಿಗೆ ಮುಟ್ಟಿಸಿದವರು ಜಪಾನೀಯರು. ಉಪ್ಪುನೇರಳೆಯ ಜಾತಿಯ ಗಿಡದ ನಾರಿನಿಂದ ಮಾಡಿದ ಕಾಗದವನ್ನು ಎರಡು ಮೂರು ಪದರಗಳಾಗಿ ಕಾಕಿಹಣ್ಣಿನ ಒಗರುರಸದಿಂದ ಅಂಟಿಸಿದರೆ ಅದು ಚರ್ಮದಂತೆ ಬಲಿತು ನೀರಿಗೆ ಅಂಜದಂತಾಗುತ್ತದೆ. ಅದನ್ನು ಕೊರೆದು ಮಾಡಿದ ಅಚ್ಚುಗಳಿಗೆ ಕಾತಗಾಮಿ ಎಂದು ಹೆಸರು. ಇಸೆ ಪ್ರಾಂತದಲ್ಲಿ, ಈಗಿನ ಸುಜುಕಾ ನಗರಕ್ಕೆ ಸೇರಿದ ಶಿರೋಕೋ ಎಂಬ ಊರು ಅವುಗಳಿಗೆ ಪ್ರಸಿದ್ಧ. ಅವರು ಆ ಕಂಡಿಗಳ ಮೂಲಕ ಬಣ್ಣವನ್ನಲ್ಲ, ಅಕ್ಕಿಯ ಹಿಟ್ಟಿನ ಅಂಟನ್ನು ಬಟ್ಟೆಗೆ ಹಚ್ಚುತ್ತಿದ್ದರು. ಬಳಿಕ ಬಟ್ಟೆಗೆ ಬಣ್ಣವೇರಿಸಿ ತೊಳೆದರೆ ಅಂಟು ಇದ್ದ ಕಡೆಯೆಲ್ಲ ಬಟ್ಟೆಯು ತನ್ನ ಮೂಲವರ್ಣದಲ್ಲಿಯೇ ಉಳಿಯುತ್ತಿತ್ತು. ಯೋಧಕುಲದವರು ಧರಿಸುತ್ತಿದ್ದ ಕೆಲವು ಉಡುಪುಗಳ ಚಿತ್ತಾರವು ಎಷ್ಟು ಸೂಕ್ಷ್ಮವೆಂದರೆ, ದೂರದಿಂದ ನೋಡಿದವರಿಗೆ ಬಟ್ಟೆಯು ಬರಿಯ ಒಂದೇ ಬಣ್ಣದ್ದೆಂದು ತೋರುತ್ತಿತ್ತು. ಹತ್ತಿರ ಬಂದವರಿಗೆ ಮಾತ್ರ ಚುಕ್ಕಿಗಳ ಸಾಲು ಕಾಣುತ್ತಿತ್ತು. ಈ ಮಾರ್ಗದಲ್ಲಿ ಸಿದ್ಧಿ ಪಡೆದ ಸೆರಿಜಾವಾ ಕೈಸುಕೆ ಎಂಬ ಕಲೆಗಾರನನ್ನು ಜಪಾನಿನ ಸರಕಾರವು 1956ರಲ್ಲಿ ರಾಷ್ಟ್ರದ ಜೀವಂತ ನಿಧಿಯೆಂದು ಮನ್ನಿಸಿತು.

ಇವೆಲ್ಲ ಮಹಾಕುಶಲಿಗಳ ಮಾತು. ನಮ್ಮ ಮನೆಯ ಹಜಾರದಲ್ಲಿ ಕುಳಿತು ದಿಂಬಿನ ಗವಸಿಗೆ ನಾಲ್ಕು ಎಲೆಗಳನ್ನು ಹಾಕುವವರಿಗೆ ಅಷ್ಟು ದೂರ ಹೋಗಬೇಕಾದುದಿಲ್ಲ. ಆದರೆ ಅವರೆಲ್ಲರಿಗೂ ನಮಗೂ ಸಮಾನವಾದ ಒಂದು ನಿಯಮವುಂಟು. ಅದನ್ನರಿಯದೆ ಚೂರಿಯನ್ನು ಹಿಡಿಯಲಾಗದು.

ಕೊರೆಯದೆ ಬಿಡುವುದು

ಒಂದು ಹಾಳೆಯ ಮೇಲೆ 'ರ' ಎಂಬ ಅಕ್ಷರವನ್ನು ಬೆರಳಿನಷ್ಟು ದಪ್ಪವಾಗಿ ಬರೆದು, ಆ ಗೆರೆಯ ಮೈಯನ್ನೆಲ್ಲ ಕೊರೆದು ತೆಗೆಯಿರಿ. ನಡುವಿನ ದುಂಡನೆಯ ಬಿಳಿಯ ಭಾಗಕ್ಕೆ ಆಧಾರವಿಲ್ಲದೆ ಅದೂ ಕಳಚಿ ಬೀಳುವುದು. ಈಗ ಬಣ್ಣ ಹಚ್ಚಿದರೆ ಮೂಡುವುದು ರಕಾರವಲ್ಲ, ತಲೆಕಟ್ಟನ್ನು ಹೊತ್ತ ಒಂದು ಮುದ್ದೆ. ಅನುಸ್ವಾರಕ್ಕೂ ಇದೇ ಗತಿ. 'ಠ' ಅಕ್ಷರದಲ್ಲಂತೂ ನಡುವಿನ ಚುಕ್ಕಿಯೂ ಅದರ ಸುತ್ತಲಿನ ಬಿಳಿಯೂ ಒಟ್ಟಿಗೆ ಹೋಗುವುವು. ಹಾಗಾಗದಂತೆ, ಒಳಗಿನ ತುಂಡನ್ನು ಹೊರಗಿನ ಹಾಳೆಗೆ ಹಿಡಿದಿಡುವ ಎರಡು ಸಣ್ಣ ಪಟ್ಟಿಗಳನ್ನು ಕೊರೆಯದೆ ಬಿಡಬೇಕು. ಮೂಟೆಗಳ ಮೇಲಿನ ಅಕ್ಷರಗಳ ಗೆರೆಯು ಅಲ್ಲಲ್ಲಿ ಕಡಿದಂತೆ ಕಾಣುವುದು ಈ ಕಾರಣದಿಂದಲೇ.

ಈ ಪಟ್ಟಿಗಳನ್ನು ನಾವು ಸೇತುಗಳೆನ್ನೋಣ. ಸೇತು ಎಂಬ ಶಬ್ದವು ಕಟ್ಟುವುದೆಂಬ ಅರ್ಥವುಳ್ಳ ಧಾತುವಿನಿಂದ ಬಂದುದು; ದಾಟಿಸುವುದಕ್ಕಿಂತ ಮೊದಲು ಅದು ಕಟ್ಟಿ ಹಿಡಿಯುತ್ತದೆ. ಕೊರೆಯಚ್ಚಿನ ಕೆಲಸವೆಲ್ಲ ಈ ಸೇತುಗಳಲ್ಲಿದೆ. ಯಾವುದನ್ನು ತೆಗೆಯಬೇಕೆಂಬುದನ್ನು ಯಾರಾದರೂ ಹೇಳಬಲ್ಲರು. ಯಾವುದನ್ನು ಬಿಡಬೇಕೆಂಬುದನ್ನು ಮೊದಲೇ ಯೋಚಿಸಿದವನಿಗೆ ಮಾತ್ರ ಚಿತ್ರವು ಒದಗುತ್ತದೆ.

ಜಾಣನಾದವನು ಸೇತುವನ್ನು ಅಡಗಿಸುವ ಗೊಡವೆಗೆ ಹೋಗದೆ, ಅದನ್ನೇ ಅಲಂಕಾರವಾಗಿ ಮಾಡಿಕೊಳ್ಳುತ್ತಾನೆ. ಎಲೆಯೊಂದನ್ನು ಕೊರೆಯುವಾಗ ನಡುನರವನ್ನು ಬಿಟ್ಟರೆ ಎಲೆಯು ಎರಡು ಹೋಳಾಗಿ ಇನ್ನಷ್ಟು ಎಲೆಯಂತೆಯೇ ಕಾಣುವುದು. ಹೂವಿನ ದಳಗಳ ನಡುವೆ ಬಿಟ್ಟ ತೆಳುವಾದ ಅಂತರವು ದಳಗಳನ್ನು ಬಿಡಿಸಿ ತೋರಿಸುವುದು. ನವಿಲಿನ ಕುತ್ತಿಗೆಗೆ ಬಿಟ್ಟ ಸೇತುವು ಹಾರವಾಗುವುದು. ಆನೆಯ ಬೆನ್ನಿನ ಮೇಲೆ ಬಿಟ್ಟುದು ಜೂಲಿನ ಅಂಚಾಗುವುದು. ಸೇತುವು ಎರಡು ಮೂರು ಮಿಲಿಮೀಟರಿಗಿಂತ ಸಣ್ಣದಾದರೆ ನಾಲ್ಕು ಸಲ ಬಣ್ಣ ತಟ್ಟುವಷ್ಟರಲ್ಲಿ ಹರಿದುಹೋಗುತ್ತದೆ; ಬಹಳ ದಪ್ಪವಾದರೆ ಚಿತ್ರವು ತುಂಡುತುಂಡಾಗಿ ಕಾಣುತ್ತದೆ.

ಸೇತುವಿನ ಬಂಧನದಿಂದ ಬಿಡುಗಡೆ ಪಡೆಯಲು ಜಪಾನೀಯರು ಎರಡು ಹಾಳೆಗಳ ನಡುವೆ ರೇಷ್ಮೆಯ ಎಳೆಗಳನ್ನಿಟ್ಟು ಅಂಟಿಸುವ ಉಪಾಯವನ್ನು ಕಂಡುಕೊಂಡರು. ಮುಂದೆ ರೇಷ್ಮೆಯ ಜಾಲರಿಯನ್ನೇ ಹಾಳೆಗೆ ಹೊದಿಸಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಾಮ್ಯುಯೆಲ್ ಸೈಮನ್ ಎಂಬವನು 1907ರಲ್ಲಿ ರೇಷ್ಮೆಯ ಬಟ್ಟೆಯ ಮೂಲಕ ಅಚ್ಚು ಹಾಕುವ ಕ್ರಮಕ್ಕೆ ಪೇಟೆಂಟು ಪಡೆದನು. ಇಂದು ಅಂಗಿಗಳ ಮೇಲೂ ಕೈಚೀಲಗಳ ಮೇಲೂ ಕಾಣುವ ಸ್ಕ್ರೀನ್ ಮುದ್ರಣವು ಈ ವಂಶದ್ದೇ. ಮನೆಯ ಕೆಲಸಕ್ಕೆ ಜಾಲರಿಯು ಬೇಡ. ಸೇತುವಿರುವ ಹಾಳೆಯೇ ಸಾಕು.

ಸಾಮಗ್ರಿ

ಬಟ್ಟೆಯು ಶುದ್ಧವಾದ ಹತ್ತಿಯದಾಗಿರಲಿ. ನೇಯ್ಗೆಯು ಒತ್ತಾಗಿಯೂ ಸಮವಾಗಿಯೂ ಇರಲಿ. ಮೊದಲ ಸಲಕ್ಕೆ ಬಿಳಿಯ ಅಥವಾ ತಿಳಿಬಣ್ಣದ ಬಟ್ಟೆಯೇ ಒಳ್ಳೆಯದು. ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಬಣ್ಣವು ಆ ಗಂಜಿಗೆ ಅಂಟಿಕೊಂಡರೆ, ಮೊದಲ ಒಗೆತದಲ್ಲಿ ಗಂಜಿಯೊಡನೆ ತಾನೂ ಹೊರಟುಹೋಗುವುದು. ಆದುದರಿಂದ ಬಟ್ಟೆಯನ್ನು ಬಿಸಿನೀರಿನಲ್ಲಿ ಸಾಬೂನು ಹಾಕಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಯೇ ಕೆಲಸಕ್ಕೆ ತೊಡಗಬೇಕು. ಬಟ್ಟೆಯು ಕುಗ್ಗುವುದಿದ್ದರೆ ಅದೂ ಆಗಲೇ ಕುಗ್ಗಿಬಿಡುವುದು.

ಅಚ್ಚಿಗೆ ಹಳೆಯ ಎಕ್ಸ್-ರೇ ಹಾಳೆಯಂಥ ವಸ್ತು ಮತ್ತೊಂದಿಲ್ಲ. ಅದು ಬಾಗುತ್ತದೆ, ಹರಿಯುವುದಿಲ್ಲ, ತೊಳೆದರೆ ಮತ್ತೆ ಶುದ್ಧವಾಗುತ್ತದೆ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಲ್ಲಿ ಮರದ ತೊಗಟೆಯ ಬಟ್ಟೆಗೆ ಚಿತ್ತಾರ ಹಾಕುವ ಹೆಂಗಸರು ಹಿಂದೆ ಬಾಳೆ ಮುಂತಾದ ಎಲೆಗಳನ್ನು ಕೊರೆಯುತ್ತಿದ್ದವರು ಈಗ ಎಕ್ಸ್-ರೇ ಹಾಳೆಯನ್ನೂ ಬಳಸುವುದುಂಟು. ಚಿಕಿತ್ಸೆ ನಡೆಯುತ್ತಿರುವವರ ಹಾಳೆಯನ್ನು ಮಾತ್ರ ಮುಟ್ಟಬಾರದು. ವೈದ್ಯರು ಮತ್ತೆ ಕೇಳಬಹುದು. ಅದು ದೊರೆಯದಿದ್ದಲ್ಲಿ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆಯಾಗಲಿ, ಎರಡು ಪಕ್ಕಕ್ಕೂ ಮೇಣದ ಬತ್ತಿಯನ್ನು ಉಜ್ಜಿದ ದಪ್ಪ ಡ್ರಾಯಿಂಗ್ ಕಾಗದವಾಗಲಿ ಆದೀತು. ಆಕೃತಿಯ ಸುತ್ತಲೂ ನಾಲ್ಕು ಬೆರಳಿನಷ್ಟು ಅಂಚನ್ನು ಬಿಡತಕ್ಕದ್ದು. ಬಣ್ಣದ ಕೈ ತಪ್ಪಿದಾಗ ಬಟ್ಟೆಯನ್ನು ಕಾಯುವುದು ಆ ಅಂಚೇ.

ಕೊರೆಯಲು ಹಿಡಿಯಿರುವ ಸಣ್ಣ ಚೂರಿಯೂ, ಅಡಿಗೆ ಒಂದು ದಪ್ಪನೆಯ ರಟ್ಟೂ ಬೇಕು. ಮೊಂಡಾದ ಅಲಗು ಹೆಚ್ಚು ಬಲವನ್ನು ಬೇಡುತ್ತದೆ. ಬಲ ಹೆಚ್ಚಾದಾಗಲೇ ಚೂರಿ ಜಾರುವುದು. ಆದುದರಿಂದ ಅಲಗನ್ನು ಆಗಾಗ ಬದಲಿಸಬೇಕು. ಹಾಳೆಯನ್ನು ಹಿಡಿದಿರುವ ಕೈಯು ಯಾವಾಗಲೂ ಅಲಗಿನ ಹಿಂದೆ ಇರಬೇಕು, ಮುಂದೆ ಇರಕೂಡದು. ಸಣ್ಣ ಕಂಡಿಗಳನ್ನು ಮೊದಲು, ದೊಡ್ಡವನ್ನು ಕೊನೆಗೆ ಕೊರೆಯುವುದು ಕ್ರಮ. ದೊಡ್ಡದನ್ನು ಮೊದಲು ತೆಗೆದರೆ ಹಾಳೆಯು ಸಡಿಲಗೊಂಡು ಸಣ್ಣ ಕೆಲಸಕ್ಕೆ ನಿಲ್ಲುವುದಿಲ್ಲ. ದುಂಡನೆಯ ಗೆರೆ ಬಂದಲ್ಲಿ ಚೂರಿಯನ್ನು ಸ್ಥಿರವಾಗಿ ಹಿಡಿದು ಹಾಳೆಯನ್ನು ತಿರುಗಿಸಬೇಕು.

ಬಣ್ಣವು ಬಟ್ಟೆಗೆಂದೇ ಮಾಡಿದ ಅಕ್ರಿಲಿಕ್ ಬಣ್ಣವಾಗಿರಬೇಕು. ಇದು ಸಣ್ಣ ಸೀಸೆಗಳಲ್ಲಿ ಲೇಖನಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತದೆ. ಮಕ್ಕಳು ಶಾಲೆಯಲ್ಲಿ ಬಳಸುವ ನೀರುಬಣ್ಣವು ಒಂದು ಒಗೆತಕ್ಕೂ ನಿಲ್ಲದು. ಅರಿಸಿನದಿಂದಾಗದೇ ಎಂದು ಕೇಳುವವರುಂಟು. ಅರಿಸಿನವು ಬಿಸಿಲಿಗೆ ಮಾಸುತ್ತದೆ. ಸುಣ್ಣ ಬೆರೆತಾಗ ಅದು ಓಕುಳಿಯ ಕೆಂಪಾಗುವುದನ್ನು ನಾವೆಲ್ಲ ಬಲ್ಲೆವಷ್ಟೆ. ಸಾಬೂನಿನ ಕ್ಷಾರವೂ ಅದನ್ನು ಹಾಗೆಯೇ ಕೆಂಪಾಗಿಸುತ್ತದೆ. ಮಂಗಳಕಾರ್ಯಕ್ಕೆ ಅದು ಶ್ರೇಷ್ಠವಾದರೂ ಒಗೆಯುವ ಬಟ್ಟೆಯ ಚಿತ್ತಾರಕ್ಕೆ ಸಲ್ಲದು. ಕಲಂಕಾರಿಯ ಕುಶಲಿಗಳು ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ಹುಳಿಯಿಸಿ, ಅಳಲೆಕಾಯಿಯ ಒಗರು ಹಿಡಿದ ಬಟ್ಟೆಯ ಮೇಲೆ ಪಕ್ಕಾ ಕರಿಯ ಬಣ್ಣವನ್ನು ತರುವರು. ಅದು ಸೊಗಸಾದ ವಿದ್ಯೆಯೇ ಸರಿ. ಆದರೆ ಹದ ತಪ್ಪಿದರೆ ಕಬ್ಬಿಣವು ಬಟ್ಟೆಯನ್ನೇ ತಿನ್ನುತ್ತದೆಯಾದ್ದರಿಂದ ಹೊಸಬರಿಗೆ ತಕ್ಕುದಲ್ಲ.

ಬಣ್ಣ ತಟ್ಟುವ ಕ್ರಮ

ಮೇಜಿನ ಮೇಲೆ ಹಳೆಯ ಪತ್ರಿಕೆಯನ್ನು ಹಾಸಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಹರಡಿರಿ. ಗವಸು, ಕೈಚೀಲ, ಅಂಗಿ ಮೊದಲಾದ ಎರಡು ಪದರಗಳ ವಸ್ತುವಾದರೆ ನಡುವೆ ಒಂದು ರಟ್ಟನ್ನು ಸೇರಿಸಬೇಕು. ಇಲ್ಲವಾದರೆ ಬಣ್ಣವು ಕೆಳಗಿನ ಪದರಕ್ಕೂ ಇಳಿಯುವುದು. ಅಚ್ಚನ್ನು ನಾಲ್ಕು ಮೂಲೆಗಳಲ್ಲಿ ಅಂಟುಪಟ್ಟಿಯಿಂದ ಬಿಗಿಯಿರಿ.

ಪಾತ್ರೆ ಉಜ್ಜುವ ಹೊಸ ಸ್ಪಂಜಿನ ಸಣ್ಣ ತುಂಡೊಂದು ಕುಂಚಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಬಣ್ಣದಲ್ಲಿ ಮುಟ್ಟಿಸಿ, ಬಟ್ಟೆಯ ಕಡೆಗೆ ಒಯ್ಯುವ ಮೊದಲು ಬೇರೊಂದು ಕಾಗದದ ಮೇಲೆ ಐದಾರು ಸಲ ತಟ್ಟಿರಿ. ಸ್ಪಂಜು ಒಣಗಿಯೇ ಹೋಯಿತೇನೋ ಎನ್ನಿಸುವಷ್ಟು ಬಣ್ಣ ಕಳೆದುಹೋಗಲಿ. ಹೀಗೆ ಮಾಡಲು ಹೊಸಬರಿಗೆ ಮನಸ್ಸು ಬಾರದು. ಬಣ್ಣ ಹೆಚ್ಚಾದಷ್ಟೂ ಚಿತ್ರ ಹೊಳೆಯುವುದೆಂದು ಅವರ ಎಣಿಕೆ. ಆದರೆ ಹೆಚ್ಚಾದ ಬಣ್ಣವು ಅಚ್ಚಿನ ಅಡಿಗೆ ನುಸುಳಿ ಅಂಚನ್ನು ಕೆಡಿಸುತ್ತದೆ. ಕೊರೆಯಚ್ಚಿನ ಕೆಲಸ ಕೆಟ್ಟ ಹತ್ತು ಬಟ್ಟೆಗಳನ್ನು ನೋಡಿದರೆ ಒಂಬತ್ತು ಕೆಟ್ಟಿರುವುದು ಈ ಒಂದು ಕಾರಣದಿಂದ.

ಬಳಿಕ ಸ್ಪಂಜನ್ನು ನೆಟ್ಟಗೆ ಹಿಡಿದು ಮೇಲಿಂದ ಕೆಳಕ್ಕೆ ಮೆಲ್ಲನೆ ತಟ್ಟಬೇಕು, ಉಜ್ಜಬಾರದು, ಎಳೆಯಬಾರದು. ಅಂಚಿನಿಂದ ಮೊದಲುಮಾಡಿ ನಡುವಿಗೆ ಬರಬೇಕು. ಮೊದಲ ಸಲ ಬಣ್ಣ ತೆಳುವಾಗಿ ತೋರಿದರೆ ಸ್ವಲ್ಪ ಆರಲು ಬಿಟ್ಟು ಇನ್ನೊಮ್ಮೆ ತಟ್ಟಿರಿ. ದಟ್ಟವಾದ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪಗಳು ಯಾವಾಗಲೂ ಮೇಲು. ಅಚ್ಚನ್ನು ಜಾರಿಸದೆ ನೇರವಾಗಿ ಮೇಲಕ್ಕೆತ್ತಿ, ಮುಂದಿನ ಸ್ಥಾನಕ್ಕೆ ಇಡುವ ಮೊದಲು ಅದರ ಅಡಿಯನ್ನು ಒರಸಿ ನೋಡಿಕೊಳ್ಳಿರಿ. ಎರಡನೆಯ ಬಣ್ಣಕ್ಕೆ ಬೇರೆ ಅಚ್ಚು ಬೇಕಾದಲ್ಲಿ, ಎರಡು ಹಾಳೆಗಳ ಮೂಲೆಗಳಲ್ಲಿಯೂ ಒಂದೇ ಸ್ಥಾನದಲ್ಲಿ ಸಣ್ಣ ತೂತು ಮಾಡಿಕೊಂಡರೆ ಒಂದರ ಮೇಲೊಂದು ತಪ್ಪದೆ ಕೂಡುವುದು.

ಕೆಲಸ ಮುಗಿದ ಬಟ್ಟೆಯು ನೆರಳಿನಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಲಿ. ಆಮೇಲೆ ಅದನ್ನು ಮಗುಚಿ, ಮೇಲೆ ತೆಳುವಾದ ಬಟ್ಟೆಯನ್ನು ಹೊದಿಸಿ, ನೀರು ಚಿಮುಕಿಸದೆ ಬಿಸಿ ಇಸ್ತ್ರಿಯನ್ನು ಕೆಲವು ನಿಮಿಷ ಆಡಿಸಬೇಕು. ಕಾಲವೆಷ್ಟೆಂಬುದನ್ನು ಸೀಸೆಯ ಮೇಲಿನ ಸೂಚನೆಯನ್ನು ನೋಡಿ ನಿಶ್ಚಯಿಸಿಕೊಳ್ಳಿ. ಬಣ್ಣದೊಳಗಿನ ಅಂಟು ಶಾಖದಿಂದ ಗಟ್ಟಿಯಾಗಿ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಮೂರು ನಾಲ್ಕು ದಿನಗಳ ತರುವಾಯ ಒಗೆಯಬಹುದು. ಒಗೆಯುವಾಗ ಒಳಮೈ ಹೊರಗೆ ಮಾಡಿ, ಬಂಡೆಗೆ ಬಡಿಯದೆ, ಕೈಯಿಂದಲೇ ಹಿಸುಕಿ ತೆಗೆಯುವುದು ಲೇಸು.

ಅಂಚಿನ ಲೆಕ್ಕ

ಟವಲಿನ ಇಲ್ಲವೆ ಪರದೆಯ ಅಂಚಿಗೆ ಒಂದೇ ಆಕೃತಿಯನ್ನು ಸಾಲಾಗಿ ಹಾಕುವಾಗ ಬಹುಜನರು ಎಡಗಡೆಯಿಂದ ತೊಡಗಿ, ಬಲತುದಿಗೆ ಬರುವಾಗ ಅರ್ಧ ಹೂವಿಗೆ ಮಾತ್ರ ಸ್ಥಳ ಉಳಿದುದನ್ನು ಕಂಡು ಪೇಚಾಡುವರು. ಪ್ರಾಥಮಿಕ ಶಾಲೆಯ ಭಾಗಾಕಾರವು ಇಲ್ಲಿ ನೆರವಿಗೆ ಬರುವುದು. ಅಂಚಿನ ಉದ್ದ 76 ಸೆಂಟಿಮೀಟರು, ಹೂವಿನ ಅಗಲ 8 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಆರು ಹೂಗಳಿಗೆ 48 ಸೆಂಟಿಮೀಟರು ಹೋಯಿತು, ಉಳಿದುದು 28. ಆರು ಹೂಗಳ ನಡುವೆ ಐದು ತೆರಪುಗಳು, ಎರಡು ತುದಿಗಳಲ್ಲಿ ಎರಡು, ಅಂತೂ ಏಳು. 28ನ್ನು ಏಳರಿಂದ ಭಾಗಿಸಿದರೆ ಪ್ರತಿಯೊಂದು ತೆರಪಿಗೆ 4 ಸೆಂಟಿಮೀಟರು. ಈ ಲೆಕ್ಕವನ್ನು ಬಟ್ಟೆಯಷ್ಟೇ ಉದ್ದದ ಕಾಗದದ ಪಟ್ಟಿಯ ಮೇಲೆ ಗುರುತಿಸಿ, ಆ ಪಟ್ಟಿಯನ್ನು ಬಟ್ಟೆಯ ಪಕ್ಕದಲ್ಲಿಟ್ಟುಕೊಂಡು ಅಚ್ಚು ಹಾಕಬೇಕು. ಭಾಗಾಕಾರವೆಂದರೆ ಓಡಿಹೋಗುವ ಹುಡುಗನಿಗೂ ಈ ಲೆಕ್ಕದ ಪ್ರಯೋಜನವು ಬೇಗನೆ ಮನಸ್ಸಿಗೆ ಹತ್ತುತ್ತದೆ.

ಆಕೃತಿಗಳನ್ನು ದೂರದಿಂದ ತರಬೇಕಾಗಿಲ್ಲ. ಮಾವಿನಕಾಯಿ, ವೀಳ್ಯದೆಲೆ, ಬಾಳೆಯ ಮೂತಿ, ಗೋರಂಟಿ ಹೂವು, ಜೋಡಿ ಗಿಳಿ ಇವು ಕಣ್ಣೆದುರಿಗೇ ಇವೆ. ಒಂದು ಮಾತನ್ನು ಮಾತ್ರ ಹೇಳಬೇಕು. ಧಾರವಾಡದ ಕಡೆಯ ಕಸೂತಿಯ ಗೋಪುರ, ರಥ, ತುಳಸಿಯ ಕಟ್ಟೆಗಳನ್ನು ಹಾಗೆಯೇ ಕೊರೆದು ಬಣ್ಣದಲ್ಲಿ ಇಳಿಸುವ ಆಸೆ ಹುಟ್ಟುವುದು ಸಹಜ. ಆದರೆ ಕಸೂತಿಯ ಜೀವವಿರುವುದು ಎಳೆಯಲ್ಲಿ. ಗವಂತಿಯ ಹೊಲಿಗೆಯು ಬಟ್ಟೆಯ ಎರಡು ಮುಖಗಳಲ್ಲಿಯೂ ಒಂದೇ ರೀತಿ ಕಾಣುವ ಗೆರೆಯ ವಿದ್ಯೆ. ಕೊರೆಯಚ್ಚಾದರೋ ಗೆರೆಯದಲ್ಲ, ತುಂಬಿದ ಮೈಯ ವಿದ್ಯೆ. ಅದರಿಂದ ಸೂಜಿಯ ಕೆಲಸವನ್ನು ಅನುಕರಿಸಿದರೆ ಸೂಜಿಯ ಸೊಗಸೂ ಬಾರದು, ಅಚ್ಚಿನ ಸೊಗಸೂ ಉಳಿಯದು. ತುಂಬಿದ ಎಲೆ, ತುಂಬಿದ ಹಣ್ಣು, ನೆರಳಿನಂತೆ ಕಾಣುವ ಹಕ್ಕಿ ಇವೇ ಇದಕ್ಕೆ ಒಪ್ಪುವುವು.

ಕಲೆಯಾದ ಬಟ್ಟೆಗೆ ಪುನರ್ಜೀವ

ಈ ವಿದ್ಯೆಯ ದೊಡ್ಡ ಪ್ರಯೋಜನವು ಹೊಸ ಬಟ್ಟೆಯ ಅಲಂಕಾರದಲ್ಲಿಲ್ಲ, ಹಳೆಯ ಬಟ್ಟೆಯ ರಕ್ಷಣೆಯಲ್ಲಿದೆ. ಗಟ್ಟಿಯಾಗಿರುವ ಎಷ್ಟೋ ಬಟ್ಟೆಗಳು ಒಂದು ಕಾಫಿಯ ಕಲೆಗಾಗಿ, ಒಂದು ತುಕ್ಕಿನ ಚುಕ್ಕೆಗಾಗಿ ನೆಲ ಒರಸಲು ಹೋಗುತ್ತವೆ.

ನಮ್ಮ ಬಳಗದ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅಜ್ಜಿಯು ತೀರಿಕೊಂಡು ಒಂದು ವರ್ಷವಾದಮೇಲೆ ಅವರ ತಗಡಿನ ಟ್ರಂಕನ್ನು ತೆರೆದಾಗ, ತಳದಲ್ಲಿ ಮಡಿಸಿಟ್ಟಿದ್ದ ಕೆನೆಬಣ್ಣದ ಹತ್ತಿಯ ಸೀರೆಯೊಂದಕ್ಕೆ ಹನ್ನೊಂದು ಕಡೆ ತುಕ್ಕಿನ ಕಲೆ ಹತ್ತಿತ್ತು. ನಿಂಬೆಯ ರಸವನ್ನೂ ಉಪ್ಪನ್ನೂ ಹಾಕಿ ತಿಕ್ಕಿದ್ದಾಯಿತು. ಕಲೆ ಪೂರ್ತಿಯಾಗಿ ಬಿಡಲಿಲ್ಲ, ಇನ್ನೂ ತಿಕ್ಕಿದರೆ ಎಳೆ ಹರಿಯುವಂತಿತ್ತು. ಮಗಳು ಅದನ್ನು ಬಿಸಾಡಲಾರಳು, ಉಡಲಾರಳು. ಮೊಮ್ಮಗಳು ಅದನ್ನು ಕೌದಿಯ ಮೇಲುಹೊದಿಕೆ ಮಾಡೋಣವೆಂದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿಯು ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ಚಿರಪರಿಚಿತವಷ್ಟೆ. ಆದರೆ ಕಲೆಗಳು ಎದ್ದು ಕಾಣುವುವು. ಆಗ ನನ್ನ ಸಲಹೆಯನ್ನು ಕೇಳಿದರು.

ಅಲ್ಲಿ ಭಯವಿದ್ದುದು ಒಂದೇ: ಹಾಳಾದರೆ ಅಂಥದು ಇನ್ನೊಂದಿಲ್ಲ. ಆದುದರಿಂದ ಸೀರೆಯನ್ನು ಮುಟ್ಟುವ ಮೊದಲು ಹಳೆಯ ಪಂಚೆಯೊಂದರ ಮೇಲೆ ವಾರವೆಲ್ಲ ಅಭ್ಯಾಸ ನಡೆಯಿತು. ಹನ್ನೊಂದು ಕಲೆಗಳ ಸ್ಥಾನಗಳನ್ನು ಅಳೆದು ಕಾಗದದ ಮೇಲೆ ನಕ್ಷೆಯಾಗಿ ಗುರುತಿಸಿದರು. ಸಾಲಾಗಿ ಹಾಕಿದರೆ ಕಲೆಗಳು ಮುಚ್ಚುವಂತಿರಲಿಲ್ಲ. ಅವು ತಮಗೆ ತೋಚಿದಲ್ಲಿ ಬಿದ್ದಿದ್ದುವು. ಹೀಗಿರಲು, ಕಲೆಯಿದ್ದಲ್ಲೆಲ್ಲ ಎಲೆ ಬರುವಂತೆ ಒಂದು ಬಳ್ಳಿಯನ್ನೇ ಹರಿಸಿದರು. ದೊಡ್ಡದು, ನಡುವಣದು, ಸಣ್ಣದು ಎಂದು ವೀಳ್ಯದೆಲೆಯ ಮೂರು ಅಚ್ಚುಗಳು, ನಡುನರವೇ ಸೇತು. ಬಣ್ಣವು ತುಕ್ಕಿಗಿಂತ ಗಾಢವಾದ ಹಸುರು. ಕಲೆಯಿಲ್ಲದ ಕಡೆಯೂ ಬಳ್ಳಿಯ ಸಹಜತೆಗೆ ಬೇಕಾದಷ್ಟು ಎಲೆಗಳನ್ನು ಹಾಕಿದರು. ಸೇತುವಿನ ಅಡಿಗೆ ಕಲೆಯು ಬಾರದಂತೆ ಪ್ರತಿಯೊಂದು ಎಲೆಯನ್ನೂ ಸ್ವಲ್ಪ ಓರೆಮಾಡಿ ಇಡಬೇಕಾಯಿತು. ಬಳ್ಳಿಯು ಆ ಕಾರಣದಿಂದಲೇ ಯಾವ ಅಚ್ಚಿನಲ್ಲಿಯೂ ಕಾಣದಂಥ ಸಹಜವಾದ ತಿರುವುಗಳನ್ನು ಪಡೆಯಿತು.

ಹತ್ತು ಕಲೆಗಳು ಎಲೆಗಳ ಅಡಿಗೆ ಹೋದುವು. ಹನ್ನೊಂದನೆಯದು ಸೆರಗಿನ ಅಂಚಿಗೆ ತೀರ ಹತ್ತಿರವಿತ್ತು. ಅಲ್ಲಿ ಎಲೆಯನ್ನಿಟ್ಟರೆ ಸೆರಗಿನ ನೇಯ್ಗೆಯು ಮುಚ್ಚಿಹೋಗುವುದು. ಮೊಮ್ಮಗಳು ಅಚ್ಚನ್ನು ಎರಡು ಸಲ ಇಟ್ಟು ನೋಡಿ, ಕೊನೆಗೆ ತೆಗೆದುಬಿಟ್ಟಳು. "ಇದೊಂದು ಅಜ್ಜಿಯ ಟ್ರಂಕಿನ ಗುರುತಾಗಿ ಇರಲಿ ಬಿಡಿ, ಮೇಷ್ಟ್ರೇ" ಎಂದಳು. ಯಾವುದನ್ನು ಬಿಡಬೇಕೆಂಬುದು ಅವಳಿಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಹಳೆಯ ಎಳೆಗಳಿಗೆ ಬಲ ಬರುವಂತೆ ಅಡಿಯಲ್ಲಿ ಬೇರೆ ಸೀರೆಯ ಪದರವನ್ನು ಕೊಟ್ಟು, ಎಲೆಗಳ ಸುತ್ತ ಹೊಲಿಗೆ ಹಾಕಿ ಕೌದಿಯನ್ನು ಮುಗಿಸಿದರು. ಅದು ಈಗ ಆ ಮನೆಯಲ್ಲಿ ನಿತ್ಯದ ಬಳಕೆಯಲ್ಲಿದೆ.

ಮಕ್ಕಳಿಗೂ ವೃದ್ಧರಿಗೂ

ಸಣ್ಣ ಮಕ್ಕಳ ಕೈಗೆ ಚೂರಿಯನ್ನು ಕೊಡಲಾಗದು. ಅವರಿಗೆ ಬೇರೆ ಪಾಠವುಂಟು. ಪಪ್ಪಾಯಿಯ ಎಲೆಯನ್ನೋ ಜರೀಗಿಡದ ಎಲೆಯನ್ನೋ ಪುಸ್ತಕದ ನಡುವೆ ಒತ್ತಿ ಚಪ್ಪಟೆ ಮಾಡಿ ಬಟ್ಟೆಯ ಮೇಲಿಟ್ಟು, ಸುತ್ತಲೂ ಬಣ್ಣ ತಟ್ಟಿಸಿರಿ. ಎಲೆಯನ್ನೆತ್ತಿದಾಗ ಬಣ್ಣದ ನಡುವೆ ಎಲೆಯ ಆಕಾರವು ಬೆಳ್ಳಗೆ ಉಳಿಯುವುದು. ಎಲೆಗೆ ಬದಲಾಗಿ ಮಗುವಿನ ಅಂಗೈಯನ್ನೇ ಇಡಬಹುದು. ಸುಲಾವೆಸಿಯ ಗುಹೆಯಲ್ಲಿ ಆದುದೂ ಇದೇ. ಹೀಗೆ ಒಂದು ಹೊದಿಕೆಯ ಅಂಚಿನಲ್ಲಿ ಮನೆಯ ಮಕ್ಕಳೆಲ್ಲರ ಕೈಗಳನ್ನೂ ಮೂಡಿಸಿ ವರ್ಷವನ್ನು ಬರೆದಿಟ್ಟರೆ, ಆ ಕೈಗಳು ಬೆಳೆದಮೇಲೆ ಅದನ್ನು ನೋಡುವ ಸಂತೋಷವೇ ಬೇರೆ.

ಕೈ ನಡುಗುವ ವೃದ್ಧರು ಕುಂಚ ಹಿಡಿದು ಗೆರೆಯೆಳೆಯಲಾರರು, ಆದರೆ ತಟ್ಟಬಲ್ಲರು. ಗೆರೆಯನ್ನು ಕಾಯುವ ಹೊಣೆ ಹಾಳೆಯದು. ಕಣ್ಣು ಚುರುಕಾದವರು ಕೊರೆಯಲಿ, ಲೆಕ್ಕ ಬಲ್ಲವರು ಗುರುತು ಹಾಕಲಿ, ಹಿರಿಯರು ಬಣ್ಣ ತಟ್ಟಲಿ, ಮಕ್ಕಳು ಅಚ್ಚನ್ನು ಒರಸಿ ಕೊಡಲಿ. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಕುಳಿತುಬಿಡುವ ಈ ಕಾಲದಲ್ಲಿ, ಮನೆಯವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಎರಡು ಗಳಿಗೆ ಕೂಡಿಸುವ ಕೆಲಸಗಳು ಹೆಚ್ಚಾಗಿ ಉಳಿದಿಲ್ಲ.

ಇದರಿಂದ ಹಣ ಬರುವುದೇ ಎಂದು ಕೇಳುವವರಿಗೆ ಒಂದು ಮಾತು. ಮೊದಲ ವರ್ಷ ಮಾರುವ ಯೋಚನೆಯನ್ನು ಮಾಡದಿರುವುದು ಲೇಸು. ತಮ್ಮ ಮನೆಯ ಬಟ್ಟೆಯು ಹತ್ತು ಒಗೆತಗಳನ್ನು ತಡೆದುದನ್ನು ಕಣ್ಣಾರೆ ಕಂಡಮೇಲೆ ಮಾತ್ರ ಇತರರ ಬಟ್ಟೆಗೆ ಕೈ ಹಾಕಬೇಕು. ಪರರ ಬಟ್ಟೆಯನ್ನು ಕೆಡಿಸಿದರೆ ಬಟ್ಟೆಯ ಬೆಲೆಯನ್ನು ಕೊಡಬಹುದು, ನಂಬಿಕೆಯನ್ನು ಕೊಡಲಾಗದು.

ಕೆಲಸ ಮುಗಿದ ಬಳಿಕ ಅಚ್ಚುಗಳನ್ನು ಕೂಡಲೇ ತೊಳೆಯಿರಿ; ಒಣಗಿದ ಬಣ್ಣವನ್ನು ಕೆರೆಯಹೋದರೆ ಸೇತುಗಳು ಮುರಿಯುವುವು. ನೀರಾರಿದಮೇಲೆ ಹಳೆಯ ಪಂಚಾಂಗವೊಂದರ ಹಾಳೆಗಳ ನಡುವೆ ಚಪ್ಪಟೆಯಾಗಿ ಇರಿಸಿ, ಒಂದೊಂದರ ಜೊತೆಗೂ ಅದರಿಂದ ಅಚ್ಚು ಹಾಕಿದ ಬಟ್ಟೆಯ ಸಣ್ಣ ತುಂಡನ್ನು ಸೇರಿಸಿ, ಕೊರೆದವರ ಹೆಸರನ್ನೂ ತಿಂಗಳನ್ನೂ ಬರೆದಿಡಿ. ನಾಲ್ಕಾರು ವರ್ಷಗಳಲ್ಲಿ ಅದೇ ಆ ಮನೆಯ ಚಿತ್ತಾರದ ಪುಸ್ತಕವಾಗುವುದು. ಮುಂದೆ ಯಾರ ಮದುವೆಗೋ ಯಾರ ತೊಟ್ಟಿಲಿಗೋ ಬಟ್ಟೆ ಸಿದ್ಧವಾಗುವಾಗ ಅದನ್ನು ತೆರೆದು ನೋಡಲು ಒದಗುವುದು. ಈ ವಾರವೇ ಒಂದು ವೀಳ್ಯದೆಲೆಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆಯೆಳೆಯಿರಿ. ನಡುನರವನ್ನು ಮಾತ್ರ ಕೊರೆಯದೆ ಬಿಡಿರಿ.